ಬಯ್ಯಪ್ಪನ ಕೆನ್ನೆಯೂ ಕರೆಂಟಿನ ಬೀರುವೂ

ಬಿ.ಎಸ್ಸಿ. ಪಾಸಾಗಿ ಶಿಡ್ಲಘಟ್ಟದ ರೇಷ್ಮೆ ಮೊಟ್ಟೆ ಕೇಂದ್ರದ ಪ್ರಯೋಗಾಲಯಕ್ಕೆ ಸೇರಿದಾಗ ನನಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಇರಲಿಲ್ಲ, ಮೊಟ್ಟೆಯದೊಂದನ್ನು ಬಿಟ್ಟು. ಅದು ಗೊತ್ತಿದ್ದವನು ಅಟೆಂಡರ್ ಬಯ್ಯಪ್ಪ.

ಮರದ ಬೀರುವಿನಲ್ಲಿ ಚಿಟ್ಟೆ ಮೊಟ್ಟೆಯಿಟ್ಟ ಹಾಳೆಗಳನ್ನು ಜೋಡಿಸಿ ಹತ್ತು ದಿನ ಒಂದೇ ಹದದ ಕಾವು ಕೊಟ್ಟರೆ ಮರಿಗಳೆಲ್ಲ ಒಂದೇ ಬೆಳಿಗ್ಗೆ ಹೊರಡುತ್ತವೆ. ಕಾವು ತಪ್ಪಿದರೆ ಮೂರು ದಿನ ಕಂತಿನಲ್ಲಿ ಹೊರಟು ಸಾಕುವವರ ಪ್ರಾಣ ತಿನ್ನುತ್ತವೆ. ಬಯ್ಯಪ್ಪ ಬೀರು ತೆರೆದು, ಕಾವು ನೋಡಲು ಕೆನ್ನೆಯೊಡ್ಡಿ, ಇಷ್ಟಿದೆ ಎಂದು ಹೇಳುವನು. ಕೆಳಗಿನ ಅಗ್ಗಿಷ್ಟಿಕೆಗೆ ಎರಡು ಇದ್ದಿಲು ಹಾಕುವನು, ಇಲ್ಲವೆ ತೆಗೆಯುವನು. ಆಮೇಲೆ ನಾನು ಥರ್ಮಾಮೀಟರು ನೋಡಿ, ಅವನು ಹೇಳಿದ್ದನ್ನೇ ಗಂಭೀರವಾಗಿ ಬರೆದುಕೊಳ್ಳುತ್ತಿದ್ದೆ.

ಅರವತ್ತೆರಡರ ಸಂಕ್ರಾಂತಿ ಕಳೆದ ಮೇಲೆ ಮೇಲಿನವರು ಒಂದು ಕರೆಂಟಿನ ಬೀರು ಕಳಿಸಿ, ಇಟ್ಟುಕೊಳ್ಳುವಿರೋ ವಾಪಸು ಮಾಡುವಿರೋ ತಿಳಿಸಿ ಎಂದರು. ಅದರೊಳಗಿನ ಥರ್ಮೋಸ್ಟಾಟ್ ತಾನೇ ಬಿಸಿ ಅಳೆದು, ತಾನೇ ಬಲ್ಬು ಹಾಕಿ ಆರಿಸುತ್ತಿತ್ತು. ಇನ್ನು ಬಯ್ಯಪ್ಪನ ಗತಿಯೇನು ಎಂದು ನನ್ನ ಎದೆ ಕರಗಿತು. ಅನುಭವದ ಕೈಗೆ ಯಂತ್ರ ಸಾಟಿಯಲ್ಲವೆಂದು ಎರಡು ಪುಟ ಗೀಚಿ, ಬಯ್ಯಪ್ಪನ ಕಣ್ಣಲ್ಲಿ ನೀರು ಬರುವುದನ್ನು ನೋಡಲೆಂದೇ ಓದಿ ಹೇಳಿದೆ.

"ನಾನು ನಿಮ್ಗೇನು ದ್ರೋಹ ಮಾಡಿದ್ದೆ ಸ್ವಾಮಿ?" ಎಂದ.

ಎಂಟು ವರ್ಷದಿಂದ ಯುಗಾದಿಯ ಮಾರನೆಯ ಹೊಸತೊಡಕಿಗೆ ಅವನು ಕೆಂಚಾರ್ಲಹಳ್ಳಿಯ ಮನೆ ಸೇರಿರಲಿಲ್ಲವಂತೆ. ಅಣ್ಣತಮ್ಮಂದಿರೆಲ್ಲ ಸಾಲಾಗಿ ಬಾಡೂಟಕ್ಕೆ ಕೂತಾಗ ಇವನು ಇಲ್ಲಿ ಬೀರುವಿನ ಮುಂದೆ.

"ಕೋಳಿಯಾದ್ರೂ ಇಪ್ಪತ್ತೊಂದು ದಿನಕ್ಕೆ ಎದ್ದು ಹೋಗ್ತದೆ. ನನ್ನ ಎಬ್ಸೋರೇ ಇಲ್ಲ."

ಎರಡು ಪುಟವನ್ನೂ ಹರಿದೆ.

ನಮ್ಮ ಅಧಿಕಾರಿ ಸತ್ಯಮೂರ್ತಿಯವರು ಪರೀಕ್ಷೆ ಇಟ್ಟರು: ಒಂದೇ ದಿನದ ಮೊಟ್ಟೆ, ಅರ್ಧ ಹಳೆಯ ಬೀರುವಿಗೆ, ಅರ್ಧ ಹೊಸದಕ್ಕೆ. ಸ್ವಲ್ಪ ಕೈ ಸಡಿಲ ಬಿಡು, ಸೋತರೆ ಊರಿಗೆ ಹೋಗಬಹುದು ಎಂದು ಬಯ್ಯಪ್ಪನಿಗೆ ಮೆತ್ತಗೆ ಸೂಚಿಸಿದೆ. ಮೊಟ್ಟೆ ಏನು ಪಾಪ ಮಾಡಿತ್ತು ಎಂದು ಕೇಳಿ, ಎರಡು ದಿನ ನನ್ನ ಮುಖ ನೋಡಲಿಲ್ಲ.

ಹನ್ನೊಂದನೆಯ ಬೆಳಿಗ್ಗೆ ಎಣಿಸಿದೆವು. ಅವನದರಲ್ಲಿ ನೂರಕ್ಕೆ ತೊಂಬತ್ತಾರು ಮರಿ, ಯಂತ್ರದ್ದರಲ್ಲಿ ಎಪ್ಪತ್ತೆಂಟು. ಗೆದ್ದವನ ಮುಖ ಬಾಡಿಹೋಗಿತ್ತು.

ವಾಪಸು ಎಂದು ಬರೆಯಲು ಸತ್ಯಮೂರ್ತಿಯವರು ಪೆನ್ನು ತೆಗೆದರು. ಬಯ್ಯಪ್ಪ ತಡೆದು, ಹೊಸ ಬೀರು ತೆರೆದು, ಒಂದೊಂದು ತಟ್ಟೆಗೂ ಕೆನ್ನೆಯೊಡ್ಡಿದ.

"ಇದಕ್ಕೆ ಬುದ್ಧಿ ಐತೆ ಸ್ವಾಮಿ. ಕೂತಿರೋ ಜಾಗ ಸರಿಯಿಲ್ಲ, ಅಷ್ಟೆ."

ಥರ್ಮೋಸ್ಟಾಟ್ ಬಲ್ಬಿನ ಪಕ್ಕದಲ್ಲೇ ಇತ್ತು. ತನಗೆ ಬೆಚ್ಚಗಾದೊಡನೆ ಬಲ್ಬು ಆರಿಸಿಬಿಡುತ್ತಿತ್ತು. ದೂರದ ಹಾಳೆಗಳು ನಡುಗುತ್ತಿದ್ದವು. ಅದನ್ನು ನಡುವಿನ ತಟ್ಟೆಗೆ ತರಿಸಿ, ಮೊಟ್ಟೆ ಒಣಗದಿರಲೆಂದು ತಳಕ್ಕೆ ಒದ್ದೆ ಗೋಣಿ ಹಾಸಿದ. ಸ್ಕ್ರೂ ಬಿಚ್ಚುವ ಕೆಲಸ ಪದವೀಧರನಿಗೆ ಬಿತ್ತು.

ಎರಡನೆಯ ಸಲ ಹೊಸ ಬೀರುವಿನಲ್ಲಿ ತೊಂಬತ್ತೇಳು. ಬಯ್ಯಪ್ಪನನ್ನು ಮೀರಿಸಿದ್ದು ಅದೊಂದೇ, ಅದೂ ಅವನೇ ಪಾಠ ಹೇಳಿದ ಮೇಲೆ. ಅವನು ಕೇಂದ್ರಕ್ಕೆಲ್ಲ ಕೇಳುವಂತೆ ನಕ್ಕ. ಸತ್ಯಮೂರ್ತಿಯವರು ಇಟ್ಟುಕೊಳ್ಳುತ್ತೇವೆ ಎಂದು ಬರೆದು, ಅದೇ ಪೆನ್ನಿನಲ್ಲಿ ರಜೆಯನ್ನೂ ಮಂಜೂರು ಮಾಡಿದರು.

ಹೊಸತೊಡಕಿನ ಬೆಳಿಗ್ಗೆ ಬಯ್ಯಪ್ಪ ಗರಿಗರಿ ಪಂಚೆಯುಟ್ಟು ಬಂದು, ಬೀರುವಿಗೊಮ್ಮೆ ಕೆನ್ನೆಯೊಡ್ಡಿ ತಲೆಯಾಡಿಸಿದ. ಕರೆಂಟು ಹೋದರೆ ಅಗ್ಗಿಷ್ಟಿಕೆ ಹಚ್ಚಲು ನಾನಿದ್ದೆ. ಬೀಳ್ಕೊಡಲು ಎದ್ದೆ.

"ಏಳ್ಬೇಡಿ ಸ್ವಾಮಿ, ಕೂತಿರಿ," ಎಂದು ಹೊರಟೇಬಿಟ್ಟ.

ಚಿಂತಾಮಣಿ ಬಸ್ಸಿನ ಹಾರನ್ ಕೇಳಿಸಿತು. ಯಾರೂ ಇಲ್ಲದ್ದು ನೋಡಿ ನಾನೂ ಕೆನ್ನೆಯೊಡ್ಡಿದೆ. ಬೆಚ್ಚಗಿತ್ತು. ಎಷ್ಟು ಎಂಬುದನ್ನು ಮಾತ್ರ ಥರ್ಮಾಮೀಟರನ್ನೇ ಕೇಳಬೇಕಾಯಿತು.