ನಮ್ಮ ಕಟ್ಟಿ ಬಿಡ್ರಿ

ಖಾನಾಪುರದಲ್ಲಿ ನನ್ನ ತಾಯಿಯ ತಂಗಿ ನೀಲವ್ವ ಮಾವಶಿಯ ಮನೆಯ ಮುಂದೊಂದು ಕಲ್ಲಿನ ಕಟ್ಟೆಯಿದೆ. ಮೂರು ತಲೆಮಾರಿನ ಜನ ಕುಳಿತು ಕುಳಿತು ನುಣುಪಾದ ಆ ಕಲ್ಲಿನ ಮೇಲೆ ಹೊಸಬರು ಕೂತರೆ ಮೆಲ್ಲಗೆ ಜಾರುತ್ತಾರೆ. ಹಳಬರು ತಂತಮ್ಮ ತಗ್ಗುಗಳನ್ನು ಹುಡುಕಿಕೊಂಡು ಭದ್ರವಾಗಿ ನೆಲೆಗೊಳ್ಳುತ್ತಾರೆ. ಸಂಜೆಯಾದರೆ ಮಾವಶಿ ಅಲ್ಲಿ ಮೆಂತ್ಯಸೊಪ್ಪು ಸೋಸುತ್ತಾಳೆ, ಜೊತೆಗೆ ಊರಿನ ಸುದ್ದಿಯನ್ನೂ ಸೋಸುತ್ತಾಳೆ. ಸೊಪ್ಪಿನಲ್ಲಿ ಕಸ ಹೊರಗೆ ಹೋಗುತ್ತದೆ, ಸುದ್ದಿಯಲ್ಲಿ ಕಸವೇ ಉಳಿಯುತ್ತದೆ.

ಈ ಕಟ್ಟೆ ಮನೆಗೆ ಸೇರಿದ್ದೋ ಬೀದಿಗೆ ಸೇರಿದ್ದೋ ಎಂದು ನೀವು ಕೇಳಬಹುದು. ನಮಗೆ ಆ ಪ್ರಶ್ನೆ ಹುಟ್ಟಿರಲಿಲ್ಲ. ಪಟ್ಟಣ ಪಂಚಾಯಿತಿಯ ನಕ್ಷೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ ಬಣ್ಣಗಳಿವೆಯೇ ಹೊರತು, ಹೋಗುವವರನ್ನು ನಿಲ್ಲಿಸಿ 'ಬರ್ರಿ, ಕುಂದರ್ರಿ' ಎನ್ನುವ ಜಾಗಕ್ಕೆ ಬಣ್ಣವೇ ಇಲ್ಲ. ಹಾಗಾಗಿ ರಸ್ತೆ ಅಗಲ ಮಾಡುವ ಮಾತು ಬಂದಾಗ ಕಟ್ಟೆಯ ನಡುಮಧ್ಯೆ ಒಂದು ಕೆಂಪು ಗೀಟು ಬಿತ್ತು.

ಗೀಟಿಗೆ ಕಾರಣವಾದ ಅರ್ಜಿ ಎದುರು ಮನೆಯ ದತ್ತೋಬಾ ಕಾಕಾ ಅವರದು. ನಿವೃತ್ತ ಪೋಸ್ಟ್‌ಮ್ಯಾನ್, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕಟ್ಟೆಯ ಮುಂದೆ ತೆರೆದ ಗಟಾರ. ಹಾಗಾಗಿ ಶಾಲೆಯ ಮಕ್ಕಳು ರಸ್ತೆಯ ನಡುವೆಯೇ ನಡೆಯಬೇಕು. ಒಂದು ಬೆಳಿಗ್ಗೆ ಬೈಕೊಂದು ಅವರ ಮೊಮ್ಮಗಳು ಆರತಿಯ ಪಾಟಿಚೀಲಕ್ಕೆ ಸಿಕ್ಕಿ ಅವಳನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು. ಮೊಣಕಾಲು ತರಚಿತು, ಅಷ್ಟೇ. ಆದರೆ ಆ ನಾಲ್ಕು ಹೆಜ್ಜೆಗಳನ್ನು ಕಾಕಾ ಬಾಗಿಲಲ್ಲಿ ನಿಂತು ನೋಡಿದ್ದರು. ಮರುದಿನವೇ ಅರ್ಜಿ ಹೋಯಿತು. ಅಂದಿನಿಂದ ಎದುರು ಮನೆಗೆ ಹೋಗುತ್ತಿದ್ದ ಮಾವಶಿಯ ಚಹಾ ನಿಂತಿತು, ಕಾಕಾ ಅವಳನ್ನು 'ವೈನಿ', ಅಂದರೆ ಅತ್ತಿಗೆ, ಎಂದು ಕರೆಯುವುದೂ ನಿಂತಿತು.

ಪಂಚಾಯಿತಿಯಲ್ಲಿ ಅಹವಾಲು ಕೇಳುವ ದಿನ ಮಾವಶಿಯ ಪರವಾಗಿ ವಾದಿಸಲು ಬೆಳಗಾವಿಯಿಂದ ನಾನು ಹೊರಟೆ. ಕಂಡವರ ದನಿ ಅಣಕಿಸುವುದು ನನ್ನ ಚಟ, ಅದಕ್ಕೇ ಮಾವಶಿ ನನ್ನನ್ನು 'ನಕಲಿ' ಎನ್ನುತ್ತಾಳೆ. ಬಸ್ಸಿನಲ್ಲಿ ಮುಖ್ಯಾಧಿಕಾರಿಗಳ ಗಂಟಲು, ಗೀಟು ಹಾಕಿದ ದಿನ ಕೇಳಿದ್ದ ಇಂಜಿನಿಯರರ ಮೂಗು, ಕಾಕಾ ಅವರ ಕೆಮ್ಮು ಮೂರನ್ನೂ ಅಭ್ಯಾಸ ಮಾಡಿಕೊಂಡೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಸಭೆಯಲ್ಲಿ ಎದ್ದು ನಿಂತು 'ಪಾರಂಪರಿಕ ವಾಸ್ತುವೈಭವ', 'ಬೀದಿಯ ಸಾಂಸ್ಕೃತಿಕ ಸ್ಮೃತಿ' ಎಂದು ಶುರುಮಾಡಿದೆ. ಸ್ವಂತ ದನಿಯಲ್ಲೇ ಮಾತಾಡುತ್ತಿದ್ದೆ, ಆದರೂ ಅದೊಂದೇ ಬೇರೆ ಯಾರದೋ ಅಣಕದಂತೆ ಕೇಳಿಸಿತು.

"ಯಾರ್ರೀ ಇವ್ರು?" ಎಂದರು ಸದಸ್ಯರೊಬ್ಬರು.

"ನಮ್ಮಕ್ಕನ ಮಗಾ ರೀ," ಎಂದಳು ಮಾವಶಿ. "ಬೆಳಗಾವಿ ಹಿಂದವಾಡಿಯೊಳಗ ಮೂರನೇ ಮಾಳಿಗಿ ಮ್ಯಾಲ ಇರ್ತಾನ. ಅವನ ಮನಿಗೆ ಕಟ್ಟೀನ ಇಲ್ಲ. ಕುಂದ್ರೋ ನಕಲಿ."

ಕುಳಿತೆ. ಹಳತನ್ನು ಉಳಿಸಿ ಎಂದು ಜೋರಾಗಿ ಕೂಗುವವರಲ್ಲಿ ಬಹುಪಾಲು ನನ್ನಂತೆ ಹಳತಿನಿಂದ ಒಂದು ತಾಸಿನ ಬಸ್ಸಿನಷ್ಟು ದೂರದಲ್ಲಿ ಇರುವವರೇ.

ಮಾವಶಿ ಎದ್ದು ಮೇಜಿನ ಬಳಿ ಹೋಗಿ, "ನನಗ ಭಾಷಣ ಬರಂಗಿಲ್ಲ ರೀ. ನಮ್ಮ ಕಟ್ಟಿ ಬಿಡ್ರಿ, ಇಷ್ಟ ನನ್ನ ಮಾತು," ಎಂದಳು.

ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ನಮ್ಮ ಬಾಯಲ್ಲಿ ಕಟ್ಟೆ 'ಕಟ್ಟಿ'ಯಾಗುತ್ತದೆ. ಆದರೆ ಮರಾಠಿ ಮಕ್ಕಳು ಮುನಿಸಿಕೊಂಡು ಮಾತು ಬಿಟ್ಟರೆ, ಬೇರೆ ಕಡೆಯವರು 'ಟೂ' ಎನ್ನುತ್ತಾರಲ್ಲ, ಅದಕ್ಕೂ 'ಕಟ್ಟಿ' ಎಂದೇ ಹೆಸರು. ರಾಜಿಯಾದರೆ 'ಬಟ್ಟಿ'. ಮೇಜಿನ ಪಕ್ಕದಲ್ಲೇ ನಿಂತಿದ್ದ ಕಾಕಾ, ಮಾವಶಿ ತಮ್ಮತ್ತಲೇ ನೋಡುತ್ತಿದ್ದುದನ್ನು ಕಂಡು, ಮುನಿಸು ಬಿಡಿ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದಾಳೆಂದು ತಿಳಿದರು. ಮೂರು ತಿಂಗಳಲ್ಲಿ ಅವಳು ಅವರ ಎದುರು ಬಾಯಿ ತೆರೆದದ್ದು ಅದೇ ಮೊದಲು.

"ನಾ ಯಾವಾಗೋ ಬಿಟ್ಟೀನಿ, ವೈನಿ," ಎಂದರು. "ಬಟ್ಟಿ. ಖರೇನ ಬಟ್ಟಿ."

ದಾವಣಗೆರೆ ಕಡೆಯಿಂದ ಹೊಸದಾಗಿ ಬಂದಿದ್ದ ಇಂಜಿನಿಯರರು ಬರೆಯುವುದನ್ನು ನಿಲ್ಲಿಸಿ ಗಾಬರಿಯಿಂದ ತಲೆಯೆತ್ತಿದರು. "ಸಾರ್, ವಸತಿ ವಲಯದಲ್ಲಿ ಬಟ್ಟಿ ಇಳಿಸೋದಕ್ಕೆಲ್ಲ ಅವಕಾಶ ಇಲ್ಲ. ಇವರು ಏನು ಕಾಯಿಸ್ತಿದಾರೆ?"

ಸಭೆ ನಕ್ಕ ನಗೆಗೆ ಗೋಡೆಯ ಮೇಲಿನ ನಕ್ಷೆಯೇ ಅಲುಗಾಡಿತು. ಮಾವಶಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ನಗು ಇಳಿದ ಮೇಲೂ ಗಟಾರ ಗಟಾರವಾಗಿಯೇ ಇತ್ತು, ರಸ್ತೆ ಇಕ್ಕಟ್ಟಾಗಿಯೇ ಇತ್ತು. ಕಾಕಾ ಮೆಲ್ಲಗೆ, "ಕಟ್ಟಿ ಮ್ಯಾಲ ನನಗ ಸಿಟ್ಟಿಲ್ಲ ವೈನಿ. ನಾನೂ ಅಲ್ಲೇ ಕುಂತಾಂವ. ಆದ್ರ ಕೂಸು ಎಲ್ಲಿ ನಡೀಬೇಕು?" ಎಂದರು.

ಮಾವಶಿ ಇಂಜಿನಿಯರರ ಮೇಜಿನ ಮೇಲೆ ಮೊಣಕೈ ಊರಿ, ಬೆರಳು ಚಾಚಿ, "ಕಟ್ಟಿಯೊಳಗ ಒಂದು ಮೊಳ ತಗೋರಿ," ಎಂದಳು. "ಆದ್ರ ಕಲ್ಲು ಒಯ್ಯಬ್ಯಾಡ್ರಿ. ಆ ಗಟಾರದ ಮ್ಯಾಲ ಹಾಸ್ರಿ. ಹುಡುಗ್ರು ಅದರ ಮ್ಯಾಲ ನಡೀಲಿ."

ರಕ್ಷಣೆಯೆಂದರೆ ಇದ್ದದ್ದನ್ನು ಇದ್ದಲ್ಲೇ ಇಡುವುದು ಎಂದುಕೊಂಡಿದ್ದೆ. ಕೂರುವ ಕಲ್ಲು ನಡೆಯುವ ಕಲ್ಲಾದರೂ ಅದು ಮನುಷ್ಯರ ಭಾರ ಹೊರುವುದನ್ನು ಬಿಡುವುದಿಲ್ಲವಲ್ಲ ಎಂಬ ಸರಳ ಸಂಗತಿ ನನ್ನ ಸಾಂಸ್ಕೃತಿಕ ಸ್ಮೃತಿಯಲ್ಲಿ ಇರಲಿಲ್ಲ.

ಕಲ್ಲು ಹಾಸಿದ ಮರುದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಆರತಿ ಪಾಟಿಚೀಲ ಹೊತ್ತು ಬಂದವಳು ಕಲ್ಲಿನ ಮುಂದೆ ನಿಂತುಬಿಟ್ಟಳು. ಅಜ್ಜ ಕೂರುತ್ತಿದ್ದ ಕಲ್ಲು ಅದು. ಬೂಟುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಟ್ಟಳು.

ಮಾವಶಿ ಉಳಿದ ಕಟ್ಟೆಯಿಂದ ಸೊಂಟ ಹಿಡಿದುಕೊಂಡು ಎದ್ದು ಬಂದಳು. "ಹಾಕ್ಕೋಳವ್ವಾ ಬೂಟು," ಎಂದಳು. "ಇನ್ನ ಅದು ರಸ್ತಾ ಐತಿ."

ಹುಡುಗಿ ಅವಳ ಹೆಗಲು ಹಿಡಿದು, ಒಂಟಿಕಾಲಲ್ಲಿ ನಿಂತು, ಬೂಟು ಹಾಕಿಕೊಂಡಳು.