ಇಟಲಿಯ ನಟಿ, ಬೆಳಕವಾಡಿಯ ರಾಣಿ

ಬೆಳಿಗ್ಗೆ ಆರೂವರೆಗೆ ಮಂಡ್ಯದಲ್ಲಿ ಮದ್ದೂರಿನ ಬಸ್ಸು ಹತ್ತಿದಾಗ ನನ್ನ ಒಂದು ಕೈಯಲ್ಲಿ ಕಿರೀಟ, ಡಾಬು, ತೋಳಬಂದಿ ತುಂಬಿದ ಟ್ರಂಕು, ಇನ್ನೊಂದು ಕೈಯಲ್ಲಿ ಆಧಾರ್ ಕಾರ್ಡು ಇದ್ದವು. ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿನ ಕಾಸಿಲ್ಲ. ಟ್ರಂಕಿಗೆ ಮಾತ್ರ ಲಗೇಜು ಕೊಡಬೇಕು ಎಂದು ಕಂಡಕ್ಟರು ಹಟ ಹಿಡಿದ. “ರಾಣಿ ಫ್ರೀಯಂತೆ, ಕಿರೀಟಕ್ಕೆ ಕಾಸಂತೆ. ಯಾವೂರ ನ್ಯಾಯಾನಪ್ಪ ಇದು?” ಎಂದೆ. ನಕ್ಕು ಮುಂದಕ್ಕೆ ಹೋದ.

ನಾನು ಮಂಡ್ಯದ ಗುತ್ತಲಿನ ಸಾಕಮ್ಮ. ನಮ್ಮ ಕಡೆ ಹಳ್ಳಿಯ ಗಂಡಸರು ತಾವೇ ದುಡ್ಡು ಹಾಕಿ, ಪಾತ್ರ ಹಿಡಿದು, ತಿಂಗಳುಗಟ್ಟಲೆ ಕಲಿತು ನಾಟಕ ಆಡುತ್ತಾರೆ. ರಾಜನ ಪಾತ್ರಕ್ಕೆ ಹೆಚ್ಚು ರೇಟು, ಕಾವಲುಗಾರನಿಗೆ ಕಡಿಮೆ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥ ಸಂಬಳದ ನಟಿಯರನ್ನು ಕರೆಸುತ್ತಾರೆ. ಮೂವತ್ತು ವರ್ಷದಿಂದ ನಾನು ಈ ಸೀಮೆಯ ರಾಣಿ. ಈಗ ಐವತ್ತನಾಲ್ಕು ವಯಸ್ಸು, ಎಂಬತ್ತು ಕಿಲೋ ತೂಕ. ಎರಡನ್ನೂ ಯಾರಿಂದಲೂ ಬಚ್ಚಿಟ್ಟವಳಲ್ಲ.

ಜೊತೆಗೆ ಬಂದವರು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಕಾಲೇಜಿನ ಸುಧಾ ಮೇಡಂ. ಅವರಿಗೆ ಪರದೇಶದ ಸಿನಿಮಾ ಹುಚ್ಚು. ಇಟಲಿಯ ದೊಡ್ಡ ನಟಿಯೊಬ್ಬಳ ಜೀವನದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದುತ್ತಾ, ಸಂಜೆ ಮೆಟ್ಟಿಲ ಮೇಲೆ ಕೂತು ಅಷ್ಟಷ್ಟೇ ನನಗೆ ಹೇಳುತ್ತಿದ್ದರು. ಅವಳ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ತಪ್ಪು ಬರೆದು ಅವಳಿಗೆ ಅವಮಾನ ಮಾಡುವುದಕ್ಕಿಂತ ಇಟಲಿಯವಳು ಎಂದೇ ಬರೆಯುತ್ತೇನೆ. ಆ ಭಾನುವಾರ ಬೆಳಕವಾಡಿಯಲ್ಲಿ ನನ್ನ ನಾಟಕವಿತ್ತು. ಹಳ್ಳಿ ನಾಟಕ ನೋಡಬೇಕು ಎಂದು ಮೇಡಂ ಪುಸ್ತಕವನ್ನೂ ಹಿಡಿದುಕೊಂಡೇ ಹೊರಟಿದ್ದರು.

ಮದ್ದೂರು ಇಪ್ಪತ್ತು ಕಿಲೋಮೀಟರು. ಅಷ್ಟರಲ್ಲಿ ಇಟಲಿಯವಳ ಬಾಲ್ಯ ಮುಗಿಯಿತು. ಬಂದರು ಊರಿನಲ್ಲಿ ಮೀನು ಮಾರುವವಳ ಮಗಳು. ಅಪ್ಪ ಯಾರೆಂದು ಊರಿಗೆಲ್ಲ ಗೊತ್ತು, ಅಪ್ಪ ಒಬ್ಬನೇ ಒಪ್ಪಲಿಲ್ಲ. ಹದಿನಾರಕ್ಕೆ ಸಿನಿಮಾದ ಗುಂಪಿನಲ್ಲಿ ನಿಂತಳು, ಇಪ್ಪತ್ತಕ್ಕೆ ನಾಯಕಿಯಾದಳು. ಮುಖ ಎಲ್ಲರಿಗೂ ಬೇಕು, ದನಿ ಯಾರಿಗೂ ಬೇಡ. ಒಡೆದ ಗಡಿಗೆಯಂಥ ದನಿ ಎಂದು ಹೇಳಿ, ಬೇರೆ ಹೆಂಗಸಿನಿಂದ ಮಾತಾಡಿಸಿ ಅವಳ ಬಾಯಿಗೆ ಅಂಟಿಸುತ್ತಿದ್ದರಂತೆ. ಮೊದಲ ಸಿನಿಮಾ ನೋಡಿದ ಅವಳ ಅವ್ವ, “ಅಲ್ಲ ಮಗಳೇ, ನಿನ್ನ ಬಾಯೊಳಗೆ ಕೂತು ಮಾತಾಡ್ತಿರೋಳು ಯಾರೇ?” ಎಂದು ಕೇಳಿದಳಂತೆ. ನಾನು ಬಸ್ಸಿನಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ.

ಮದ್ದೂರಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಾಯುತ್ತಿದ್ದರು. ಬೆಸಗರಹಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ನಾಟಕ ಅವರೇ ಬರೆದದ್ದು: ಹೆಂಡತಿಯ ಮೇಲೆ ಕಳಂಕ ಹೊರಿಸಿದ ರಾಜ, ತುಂಬಿದ ಸಭೆಯಲ್ಲಿ ಅವನನ್ನು ನಿಲ್ಲಿಸಿ ಕೇಳುವ ರಾಣಿ. ಮೂವರೂ ಹೋಟೆಲಿಗೆ ಹೋಗಿ ವಡೆ ಹೇಳಿದೆವು. ಯಾವತ್ತೂ ಬಿಲ್ಲಿನ ಹೊತ್ತಿಗೆ ಕೈ ತೊಳೆಯಲು ಹೋಗುವ ಮೇಷ್ಟ್ರು ಅವತ್ತು ಮೊದಲೇ ದುಡ್ಡು ಕೊಟ್ಟರು. ಆಗಲೇ ನನಗೆ ಅನುಮಾನ ಬಂತು.

“ಮುನಿಸ್ಕೋಬ್ಯಾಡ ಕಣಮ್ಮ. ಬೆಳಕವಾಡಿಯೋರು ಒಂದ್ ತೀರ್ಮಾನ ಮಾಡವ್ರೆ. ರಾಣಿಯಾಗಿ ಮಳವಳ್ಳಿ ಉಡ್ಗಿ ಒಬ್ಳು ನಿಂತ್ಕತಾಳೆ. ಮೊಬೈಲ್ನಲ್ಲಿ ಕುಣಿದು ವಿಡಿಯೋ ಆಕ್ತಾಳಲ್ಲ, ಅವಳೇಯ. ಮಾತೂ ಅವಳೇ ಯೋಳ್ತಾಳೆ. ರಾಗ ಬರಾಕಿಲ್ಲ. ನೀನು ಪರದೆ ಇಂದೆ ಮೈಕ್ ಇಡ್ಕಂಡು ಹಾಡ್ಬುಡು, ಅವ್ಳು ತುಟಿ ಆಡುಸ್ತಾಳೆ. ಸಂಬಳ ಮೊದ್ಲಿನಷ್ಟೇ ಕೊಡ್ತಾರೆ.”

“ಯಾವತ್ತು ಆದ ತೀರ್ಮಾನ ಮೇಷ್ಟ್ರೆ?”

“ಎಂಟು ದಿನ ಆತು.”

ಎಂಟು ದಿನ! ಮೂರು ತಿಂಗಳು ತಾಲೀಮಿನಲ್ಲಿ ನನ್ನ ಕೈಲೇ ಹಾಡಿಸಿ, ಎಂಟು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೈ ಉರಿದುಹೋಯಿತು. ಸಿಟ್ಟಿಗೆ ಇನ್ನೆರಡು ವಡೆ ತರಿಸಿ ತಿಂದೆ, ಅದಕ್ಕೂ ಅವರೇ ಕೊಟ್ಟರು. ಹೊರಗೆ ಮಂಡ್ಯಕ್ಕೆ ಹೋಗುವ ಬಸ್ಸು ನಿಂತಿತ್ತು. “ಹೋಗೋಣ್ವಾ ವಾಪಸ್ಸು?” ಎಂದು ಮೇಡಂ ಕೇಳಿದರು. ಹೋದರೆ ಅವರಿಗೆ ಸಲೀಸು. ಇನ್ಯಾರನ್ನೋ ಪರದೆಯ ಹಿಂದೆ ನಿಲ್ಲಿಸಿ ನಾಟಕ ಮುಗಿಸುತ್ತಾರೆ, ಸಾಕಮ್ಮ ಕೈಕೊಟ್ಟಳು ಎಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ. ನಾನು ಟ್ರಂಕು ಎತ್ತಿಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ.

ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳು ಅಡ್ಡ ಸಿಕ್ಕಿ ಒಂದೂಕಾಲು ಗಂಟೆ ಹಿಡಿಯಿತು. ಬಿಸಿಲು ಒಂಬತ್ತಕ್ಕೇ ಚುರುಗುಟ್ಟುತ್ತಿತ್ತು. ನನ್ನನ್ನು ಸಮಾಧಾನ ಮಾಡಲೆಂದೋ ಏನೋ, ಮೇಡಂ ಮುಂದಿನ ಕಥೆ ತೆಗೆದರು. ಹನ್ನೆರಡು ಸಿನಿಮಾ ಆದಮೇಲೆ ಇಟಲಿಯವಳು ಕರಾರಿನ ಕಾಗದ ಹರಿದಳಂತೆ. ನನ್ನ ದನಿ ಇದ್ದರೆ ನನ್ನ ಮುಖ, ಇಲ್ಲದಿದ್ದರೆ ಎರಡೂ ಇಲ್ಲ ಎಂದಳು. ಎರಡು ವರ್ಷ ಯಾರೂ ಕರೆಯಲಿಲ್ಲ, ಅವ್ವನ ಜೊತೆ ಮೀನು ಮಾರಿದಳು. ಆಮೇಲೆ ಸಿನಿಮಾ ತೆಗೆಯಲು ಹೊರಟಿದ್ದ, ದುಡ್ಡಿಲ್ಲದ ಹುಡುಗನೊಬ್ಬ ಗಾಡಿ ಹೊಡೆಯುವ ವಿಧವೆಯ ಪಾತ್ರ ಕೊಟ್ಟ. ಅದರಲ್ಲಿ ಅವಳು ಒಡಕು ದನಿಯಲ್ಲೇ ಕೂಗಿದಳು. ಆ ಕೂಗಿಗೆ ದೇಶವೇ ಅತ್ತಿತು, ಬಹುಮಾನಗಳು ಬಂದವು. ಆಮೇಲೆ ಅವಳು ಮುದುಕಿಯಾಗುವವರೆಗೂ ಅವಳ ದನಿ ಮುಟ್ಟುವ ಧೈರ್ಯ ಯಾರೂ ಮಾಡಲಿಲ್ಲ.

ಮೊದಲಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ. ಅವತ್ತು ನನ್ನ ತಲೆಯಲ್ಲಿ ಬೇರೆ ಪ್ರಶ್ನೆ ಕೊರೆಯುತ್ತಿತ್ತು.

“ಮೇಡಂ, ಹನ್ನೆರಡು ಸಿನಿಮಾದಲ್ಲಿ ಮಾತಾಡಿದ್ಲಲ್ಲ ಇನ್ನೊಬ್ಳು, ಅವಳ ಎಸ್ರೇನು?”

ಮೇಡಂ ಪುಸ್ತಕದ ಹಾಳೆ ಹಿಂದೆ ಮುಂದೆ ತಿರುಗಿಸಿದರು. “ಬೇರೆ ಹೆಂಗಸು ಅಂತ ಅಷ್ಟೇ ಇದೆ ಸಾಕಮ್ಮ. ಹೆಸರು ಕೊಟ್ಟಿಲ್ಲ.”

ಇಷ್ಟು ದಿನ ನಾನೇ ಆ ಇಟಲಿಯವಳು ಎಂದುಕೊಂಡು ಮೆಟ್ಟಿಲ ಮೇಲೆ ಕೂತು ಬೀಗುತ್ತಿದ್ದೆ. ನಾನು ಅವಳಲ್ಲ. ನಾನು ಆ ಇನ್ನೊಬ್ಬಳು. ಹೆಸರಿಲ್ಲದವಳು.

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ನಿಂತಿದ್ದಳು. ಹೆಸರು ಹರ್ಷಿತಾ, ಇಪ್ಪತ್ತೊಂದು ವರ್ಷ. ಬಾಯಿಗೆ ಬಂದಂತೆ ಬೈಯಬೇಕೆಂದು ಮನಸ್ಸಿನಲ್ಲೇ ಮಾತು ಮಸೆದಿಟ್ಟುಕೊಂಡಿದ್ದೆ. ಅವಳು ನನ್ನ ಕಾಲಿಗೆ ಬಿದ್ದು, “ಆಂಟಿ, ಮಾತೆಲ್ಲ ಬಾಯಿಪಾಠ ಮಾಡಿವ್ನಿ. ಹಾಡು ಕಲಿಸ್ಕೊಡಿ ಅಂತ ಕೇಳುದ್ರೆ ಟೈಮಿಲ್ಲ ಅಂದ್ಬುಟ್ರು. ನಂಗೇ ಒಂಥರಾ ಆಗೋಗದೆ” ಎಂದಳು. ಮಸೆದ ಮಾತೆಲ್ಲ ಬೆಳಕವಾಡಿಗೆ ಉಳಿಸಿಕೊಂಡೆ. ಎಲ್ಲರೂ ಒಂದೇ ಆಟೋದಲ್ಲಿ ಹೋದೆವು, ತಲೆಗೆ ಮೂವತ್ತು ರೂಪಾಯಿ.

ಬೆಳಕವಾಡಿಯಲ್ಲಿ ಶಾಮಿಯಾನ ಹಾಕಿ, ಸೀನರಿ ಕಟ್ಟಿ ಆಗಿತ್ತು. ಹಗಲು ನಾಟಕ, ಹನ್ನೊಂದಕ್ಕೆ ಶುರು. ರಾಜನ ಪಾತ್ರ ಹಿಡಿದಿದ್ದ ನಿಂಗೇಗೌಡರು ಮುಖಕ್ಕೆ ಬಣ್ಣ ಬಳಿಸಿಕೊಳ್ಳುತ್ತಾ ಕೂತಿದ್ದರು. ಊರಿನ ತೀರ್ಮಾನವೆಲ್ಲ ಅವರದೇ.

“ನಿನ್ ಗಂಟ್ಲು ಚಿನ್ನ ಕಣಮ್ಮ, ಇಲ್ಲ ಅಂದೋರ್ಯಾರು? ಆದ್ರೆ ರಾಣಿ ಅಂದ್ರೆ ನೋಡಾಕೂ ರಾಣಿ ಇದ್ದಂಗಿರ್ಬೇಕು. ನಿಂಗೆ ವಯಸ್ಸಾತು, ಮೈ ಬಂದದೆ.”

“ಗೌಡ್ರೆ, ನಿಮಗೆ ಅರವತ್ತೆರಡು. ಸೊಂಟಕ್ಕೆ ಡಾಬು ಕಟ್ಟಾಕೆ ಇಬ್ರು ಇಡ್ಕೊಂಡವ್ರೆ. ನಿಮ್ ಬದ್ಲು ನಿಂತ್ಕೊಳೋಕೆ ಯಾವ್ ಉಡುಗನ್ನ ಕರ್ಸಿದ್ದೀರಿ?”

ಬಣ್ಣದವನ ಕೈ ನಿಂತಿತು. ಸುತ್ತಲಿದ್ದವರು ಮುಸಿಮುಸಿ ನಕ್ಕರು. ಗೌಡರು ಮಾತ್ರ ಜಗ್ಗಲಿಲ್ಲ. “ದುಡ್ಡು ಆಕಿರೋನು ನಾನು ಕಣಮ್ಮ” ಎಂದರು.

“ಆಯ್ತು, ಹಾಡ್ತೀನಿ. ಪರದೆ ಇಂದೆ ಮಾತ್ರ ನಿಂತ್ಕೊಳಾಕಿಲ್ಲ. ಮೇಷ್ಟ್ರ ಪಕ್ಕ, ಜನದ ಮುಂದೆ ಕುಂತ್ಕೊಂಡು ಹಾಡ್ತೀನಿ. ಆಗದಿದ್ರೆ ಈಗ್ಲೇ ಓಯ್ತೀನಿ. ಅದೆಂಗ್ ರಾಗ ಎಳೀತೀರೋ ಎಳ್ಕಳಿ.”

ಹನ್ನೊಂದಾಗಲು ಹತ್ತು ನಿಮಿಷವಿತ್ತು, ಒಪ್ಪಿಕೊಂಡರು. ಟ್ರಂಕು ತೆಗೆದು ನನ್ನ ಕಿರೀಟವನ್ನು ಹರ್ಷಿತಾಳ ತಲೆಗೆ ನಾನೇ ಇಟ್ಟೆ. ಅವಳಿಗೆ ಸಡಿಲವಾಗಿತ್ತು, ಒಳಗೆ ಬಟ್ಟೆ ತುರುಕಿದೆ. ಆಗ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಭೆಯ ದೃಶ್ಯ ಬಂದಾಗ ಒಂದು ಗಂಟೆ. ವಾಯಿಲ್ ಸೀರೆಯಲ್ಲಿ, ಬಣ್ಣವಿಲ್ಲದ ಮುಖದಲ್ಲಿ, ಹಾರ್ಮೋನಿಯಂ ಪಕ್ಕ ಕೂತು ರಾಣಿಯ ಪ್ರಶ್ನೆಯನ್ನು ಮೋಹನ ರಾಗದಲ್ಲಿ ಎತ್ತಿದೆ. ಹರ್ಷಿತಾ ತುಟಿ ಆಡಿಸಿದಳು. ಹಾಡು ಮುಗಿದ ಮೇಲೆ ರಾಜ ಅವಳ ಕಡೆ ತಿರುಗಿ ಅಬ್ಬರಿಸಬೇಕು. ಗೌಡರು ತಿರುಗಿದ್ದು ನನ್ನ ಕಡೆಗೆ. ಮೂರು ತಿಂಗಳು ತಾಲೀಮಿನಲ್ಲಿ ರಾಣಿಯ ದನಿ ಬಂದ ಕಡೆ ತಿರುಗಿಯೇ ಅಭ್ಯಾಸ. ಹಗ್ಗ ಬಿಚ್ಚಿದರೂ ಗಾಣದೆತ್ತು ಸುತ್ತುವುದು ಅದೇ ಸುತ್ತು. ಕತ್ತಿ ಎತ್ತಿ, ಹಾರ್ಮೋನಿಯಂ ಪಕ್ಕದಲ್ಲಿದ್ದ ನನಗೆ, “ಎಲೈ ರಾಣಿ!” ಎಂದರು.

ಇಡೀ ಶಾಮಿಯಾನ ಗೊಳ್ಳೆಂದಿತು. ನಾನು ನಗಲಿಲ್ಲ. ಕೂತಲ್ಲಿಂದ ಎದ್ದು ನಿಂತು, ಕರೆದವನಿಗೆ ರಾಣಿ ಉತ್ತರ ಕೊಡಬೇಕಲ್ಲ, ಮುಂದಿನ ಹಾಡನ್ನು ಅವರ ಕಣ್ಣಲ್ಲಿ ಕಣ್ಣಿಟ್ಟು ಹಾಡಿದೆ. ಹರ್ಷಿತಾ ತುಟಿ ಆಡಿಸುವುದನ್ನು ನಿಲ್ಲಿಸಿದಳು. ಸ್ಟೇಜಿನ ಅಂಚಿಗೆ ಬಂದು ನನ್ನ ಕಡೆ ಕೈ ತೋರಿಸುತ್ತಾ ನಿಂತಳು. ಹಿಂದಿನಿಂದ ಯಾರೋ “ಒನ್ಸ್ ಮೋರ್!” ಎಂದರು, ಆಮೇಲೆ ಎಲ್ಲರೂ ಎಂದರು.

ಹಾಡು ಎರಡನೇ ಸಲ ಮುಗಿದಾಗ, ನಮ್ಮ ಕಡೆಯ ಪದ್ಧತಿಯಂತೆ ಅನೌನ್ಸ್ ಮಾಡುವವನು ಮೈಕಿನಲ್ಲಿ ಶುರುಮಾಡಿದ: “ರಾಣಿಯ ಪಾತ್ರದಲ್ಲಿ ಕುಮಾರಿ ಹರ್ಷಿತಾ, ಮಳವಳ್ಳಿ.” ಅಷ್ಟೇ. ನಾನು ಮೇಷ್ಟ್ರ ಮುಂದಿನ ಮೈಕು ಎಳೆದುಕೊಂಡೆ.

“ನಿಂತಿರೋಳು, ಮಾತು ಯೋಳಿದೋಳು ಹರ್ಷಿತಾ. ಹಾಡಿದೋಳು ಸಾಕಮ್ಮ, ಗುತ್ತಲು, ಮಂಡ್ಯ. ಇಬ್ರ ಎಸ್ರೂ ಯೋಳಿ. ಇಲ್ದಿದ್ರೆ ನಾಟ್ಕ ಇಲ್ಲಿಗೇ ನಿಲ್ತದೆ.”

ಅವನು ಗೌಡರ ಮುಖ ನೋಡಿದ. ಗೌಡರ ಬಣ್ಣ ಬೆವರಿಗೆ ಇಳಿಯುತ್ತಿತ್ತು. “ಯೋಳ್ಲಾ ಅತ್ಲಾಗೆ” ಎಂದರು. ಅವನು ಹೇಳಿದ. ಎರಡು ಸಲ ಹೇಳಿಸಿದೆ.

ನಾಟಕ ಐದಕ್ಕೆ ಮುಗಿಯಿತು. ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಗೌಡರು ಪಕ್ಕದಲ್ಲೇ ಕೂತು ಉಂಡರು, ಕ್ಷಮೆ ಕೇಳಲಿಲ್ಲ, ನಾನೂ ಎದುರು ನೋಡಲಿಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ. ಹರ್ಷಿತಾ ಮಾತ್ರ ಕಿರೀಟ ಒರೆಸಿ ಟ್ರಂಕಿನಲ್ಲಿಟ್ಟು, ಮುಂದಿನ ಭಾನುವಾರ ಗುತ್ತಲಿಗೆ ಬಂದು ಹಾಡು ಕಲಿಯುತ್ತೇನೆ ಎಂದಳು.

ವಾಪಸ್ ಬರುವ ಬಸ್ಸಿನಲ್ಲಿ ಇನ್ನೂ ಬೆಳಕಿತ್ತು. ಮೇಡಂ ಪುಸ್ತಕದ ಕೊನೆಯ ಫೋಟೋ ತೋರಿಸಿದರು. ಇಟಲಿಯವಳು ಮುದುಕಿಯಾಗಿ, ಕಿಟಕಿಯ ಪಕ್ಕ, ನಗದೆ ಕೂತಿದ್ದಳು. ಅವಳ ಮೇಲೆ ನನಗೆ ಕೋಪವಿಲ್ಲ. ಅವಳು ಗೆದ್ದಳು, ಗೆಲ್ಲಬೇಕಾದವಳೇ. “ಆ ಇನ್ನೊಬ್ಬಳ ಹೆಸರು ಎಲ್ಲಾದರೂ ಸಿಗತ್ತೇನೋ, ಹುಡುಕ್ತೀನಿ ಸಾಕಮ್ಮ” ಎಂದರು ಮೇಡಂ.

“ಉಡ್ಕಿ ಮೇಡಂ. ಸಿಗೋಗಂಟ ಆ ಜಾಗ್ದಲ್ಲಿ ನನ್ ಎಸ್ರು ಬರ್ಕೊಳ್ಳಿ.”

ತಮಾಷೆ ಎಂದುಕೊಂಡು ನನ್ನ ಮುಖ ನೋಡಿದರು. ಆಮೇಲೆ ಬ್ಯಾಗಿನಿಂದ ಪೆನ್ನು ತೆಗೆದು, ಬೇರೆ ಹೆಂಗಸು ಎಂದಿದ್ದ ಸಾಲಿನ ಪಕ್ಕ, ಬಸ್ಸಿನ ಕುಲುಕಾಟದಲ್ಲಿ ಅಕ್ಷರ ಸೊಟ್ಟಗಾದರೂ, ಸಾಕಮ್ಮ ಎಂದು ಕನ್ನಡದಲ್ಲಿ ಬರೆದರು.