ಕಾಕುವಿನ ಸಾವು ಸಾರಿದ ಪ್ರೊಫೆಸರ್

ಸದಲಗಾದ ಪಾರಿಸ ಚೌಗುಲೆಗೆ ಧರ್ಮಶಾಸ್ತ್ರ, ಕಾಯ್ದೆ, ವೈದ್ಯಕೀಯ ನೀತಿ ಮೂರೂ ಬರುತ್ತವೆ ಎಂದು ನಿಪ್ಪಾಣಿಯಲ್ಲಿ ಹೇಳುತ್ತಿದ್ದರು. ವಕೀಲರ ಎದುರು ಅವನು ಆಗಮ ಮಾತಾಡುತ್ತಿದ್ದ, ಮುನಿಗಳ ಎದುರು ಸೆಕ್ಷನ್ ಹೇಳುತ್ತಿದ್ದ, ಇಬ್ಬರೂ ಇರುವಲ್ಲಿ ಡಾಕ್ಟರರ ಮಾತು ಎತ್ತುತ್ತಿದ್ದ. ಹೀಗಾಗಿ ಅವನನ್ನು ತಿದ್ದುವವರು ಯಾರೂ ಸಿಗಲಿಲ್ಲ.

ಸಾವು ಹತ್ತಿರವಾದಾಗ ಜೈನರು ವ್ರತವಾಗಿ ಆಹಾರ ಬಿಡುವ ಸಲ್ಲೇಖನ ಕಾಯ್ದೆಯ ಕಣ್ಣಿನಲ್ಲಿ ಆತ್ಮಹತ್ಯೆಯೇ ಎಂದು ಬರೆದು, 1985ರಲ್ಲಿ ಅವನು ಡಾಕ್ಟರೇಟ್ ಪಡೆದು ಕಾನೂನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ. 1994ರಲ್ಲಿ ಆತ್ಮಹತ್ಯೆಯ ಯತ್ನ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮರುವಾರವೇ ಅವನ ಬಾಯಲ್ಲಿ ಸಲ್ಲೇಖನ ಮೂಲಭೂತ ಹಕ್ಕಾಯಿತು. ನಾಚಿಕೆ ಅವನ ಪಠ್ಯದಲ್ಲಿ ಇರಲಿಲ್ಲ.

ಮುಂದಿನ ವರ್ಷ ಅವನ ಕಾಕು, ಅಂದರೆ ಚಿಕ್ಕಮ್ಮ, ಕಾಶಿಬಾಯಿಗೆ ಜ್ವರ ಹಿಡಿಯಿತು. ಎಪ್ಪತ್ತು ದಾಟಿದ ಜೀವ. ಜ್ವರ ಇಳಿಯುವವರೆಗೆ ಅನ್ನ ಮುಟ್ಟುವುದಿಲ್ಲ ಎಂದು ಬಸದಿಯಲ್ಲಿ ಮುನಿಗಳ ಎದುರು ನೇಮ ಹಿಡಿದಳು. ಅಷ್ಟೇ. ಪಾರಿಸನ ಕಿವಿಗೆ ಬೀಳುವಷ್ಟರಲ್ಲಿ ಅದು ಸಲ್ಲೇಖನವಾಗಿತ್ತು. ಕೊಲ್ಹಾಪುರದ ಇಬ್ಬರು ಪ್ರಾಧ್ಯಾಪಕರನ್ನೂ ಒಂದು ಟೇಪ್ ರೆಕಾರ್ಡರನ್ನೂ ಕಾರಿನಲ್ಲಿ ಹಾಕಿಕೊಂಡು ಬಂದ.

ಅಂದು ಬೆಳಿಗ್ಗೆಯೇ ಜ್ವರ ಬಿಟ್ಟಿತ್ತು. ಸೊಸೆ ಸುಗಂಧಾ ಗಂಜಿ ತಂದಳು. ಪಾರಿಸ ಬಾಗಿಲಿಗೆ ಅಡ್ಡ ನಿಂತ.

"ವೈನಿ, ತಡೀರಿ. ವ್ರತಭಂಗ ಆಗ್ತೈತಿ. ಇಷ್ಟ ದೊಡ್ಡ ಮಂದಿ ಬಂದಾರ, ಏನಂದಾರು?"

ಹಾಸಿಗೆಯಿಂದ ಕಾಶಿಬಾಯಿ ಅಂದಳು: "ಹಸಿವಿ ಆಗಿದ್ದು ನನಗ. ನಿನ್ನ ಮಂದಿಗೆ ಚಹಾ ಕುಡಿಸಿ ಕಳಸು."

"ಕಾಕು, ಇದು ನಿಮ್ಮ ಹಕ್ಕು ಐತ್ರಿ. ಹಿಂಗ ಬಿಟ್ಟಕೊಡಬಾರದು."

"ಹಕ್ಕು ನೀನ ಇಟ್ಕೊ. ಗಂಜಿ ಇತ್ತ ಬರಲಿ."

ಸುಗಂಧಾ ಅವನನ್ನು ಮೊಣಕೈಯಿಂದ ಸರಿಸಿ ಒಳಗೆ ಹೋದಳು.

ಕೆಲವು ತಿಂಗಳ ನಂತರ ಚಿಕ್ಕೋಡಿಯಲ್ಲಿ ವಿಚಾರ ಸಂಕಿರಣ ನಡೆಯಿತು. ಕಾಕು ನಗುನಗುತ್ತ ದೇಹ ಬಿಟ್ಟ ಬಗೆಯನ್ನು ಪಾರಿಸ ಕಣ್ಣೊರೆಸಿಕೊಳ್ಳುತ್ತ ವರ್ಣಿಸಿದ. ಸಭೆ ಎದ್ದು ಮೌನ ಆಚರಿಸಿತು. ಎಲ್ಲರೂ ಕುಳಿತ ಮೇಲೂ ಸದಲಗಾದ ಹಾಲಿನ ವ್ಯಾಪಾರಿ ಭೀಮಗೊಂಡ ನಿಂತೇ ಇದ್ದ.

"ಸರ, ಕಾಶಿಬಾಯಿ ಇವತ್ತ ಮುಂಜಾನೆ ನಮ್ಮ ಅಂಗಳದಾಗ ಶ್ಯಾವಿಗಿ ಒಣಗಸಾಕತ್ತಿದ್ರಲ್ರಿ."

ಪಾರಿಸ ಕನ್ನಡಕ ಸರಿಮಾಡಿಕೊಂಡ. "ನಾನು ಹೇಳಿದ್ದು ತಾತ್ವಿಕ ಅರ್ಥದಲ್ಲಿ."

ಹಿಂದಿನ ಸಾಲಿನವರು ನಕ್ಕರು. ಮುಂದಿನ ಸಾಲಿನವರು, ಅಂದರೆ ಅವನಿಗೆ ಬಡ್ತಿ ಕೊಡಬೇಕಾದವರು, ಚಪ್ಪಾಳೆ ತಟ್ಟಿದರು. ಅವನು ಪ್ರಿನ್ಸಿಪಾಲನಾದ. ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರ ನೀತಿ ಸಮಿತಿಯಲ್ಲಿ ಕುರ್ಚಿಯೂ ಸಿಕ್ಕಿತು. 1996ರಲ್ಲಿ ಕೋರ್ಟು ತನ್ನ ಹಳೆಯ ತೀರ್ಪನ್ನು ತಿರುಗಿಸಿದಾಗ ಅವನೂ ತಿರುಗಿದ. ಪ್ರಾಣ ದೇವರು ಕೊಟ್ಟದ್ದು, ಬಿಡುವ ಅಧಿಕಾರ ನಮಗಿಲ್ಲ ಎಂದು ಭಾಷಣ ಮಾಡಿದ. ಪ್ರಾಣ ಕೊಡುವ ದೇವರನ್ನು ಜೈನರು ನಂಬುವುದಿಲ್ಲ ಎಂಬುದೂ ಆ ಪಂಡಿತನಿಗೆ ಮರೆತಿತ್ತು.

ಕಾಶಿಬಾಯಿ 1999ರ ಬೇಸಿಗೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡಳು. ಪಾರಿಸ ಬರಲಿಲ್ಲ, ಸಮಿತಿಯ ಸಭೆ ಇತ್ತಂತೆ. ಹೆಗಲು ಕೊಡಲು ಊರಲ್ಲಿ ಜನಕ್ಕೇನೂ ಕೊರತೆಯಾಗಲಿಲ್ಲ.